ಅಡಕೆಯ ಕೊಳೆರೋಗವೂ ಔಷಧದ ಬಲವನ್ನು ಕಾಯ್ದುಕೊಳ್ಳುವ ಕ್ರಮವೂ

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಅಡಕೆ ತೋಟವುಳ್ಳವರಿಗೆ ಕೊಳೆರೋಗದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಮುಂಗಾರು ಹಿಡಿದ ಎರಡು ಮೂರು ವಾರಗಳಲ್ಲಿ ಎಳೆಗಾಯಿಗಳು ತೊಟ್ಟಿನ ಬಳಿಯಲ್ಲಿ ನೀರು ನೆನೆದಂತೆ ಕಪ್ಪುಹಸಿರಾಗಿ, ಹೊಳಪನ್ನು ಕಳೆದುಕೊಂಡು, ಮರದ ಬುಡದಲ್ಲಿ ಉದುರುತ್ತವೆ. ಬಿದ್ದ ಕಾಯಿಗಳ ಮೇಲೆ ಬಿಳಿಯ ಬೂಷ್ಟು ಹರಡುತ್ತದೆ. ಅಲಕ್ಷ್ಯ ಮಾಡಿದಲ್ಲಿ ರೋಗವು ಸುಳಿಗೂ ತಗಲಿ ಮರವನ್ನೇ ಕೊಲ್ಲುವುದುಂಟು. ಕಾಯಿ ಹೋದರೆ ಒಂದು ವರ್ಷದ ಉತ್ಪತ್ತಿ ಹೋಗುವುದು. ಮರವೇ ಹೋದರೆ ಅದರ ಸ್ಥಳದಲ್ಲಿ ನೆಟ್ಟ ಸಸಿಯು ಫಲಕ್ಕೆ ಬರುವವರೆಗೆ ಹಲವು ವರ್ಷ ಕಾಯಬೇಕಾಗುವುದು.

ಔಷಧ ಬಂದ ಬಗೆ

ಹಿಂದಿನವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರು ತಾಕದಂತೆ ಕಾಪಾಡುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಪರಿಶೀಲಿಸಿ, ಫೈಟಾಫ್ತೊರಾ ಎಂಬ ಜಾತಿಯ ಸೂಕ್ಷ್ಮಜೀವಿಯೇ ಇದಕ್ಕೆ ಕಾರಣವೆಂದು 1910ರಲ್ಲಿ ವಿವರವಾಗಿ ಪ್ರಕಟಿಸಿದರು. ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವು ಆ ಕಾಲದಿಂದ ನಮ್ಮ ತೋಟಗಳಲ್ಲಿ ಬೇರೂರಿತು.

ಆ ದ್ರಾವಣದ ಹುಟ್ಟು ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ. ದಾರಿಹೋಕರು ದ್ರಾಕ್ಷಿಯನ್ನು ಕದಿಯದಿರಲೆಂದು ಅಲ್ಲಿಯ ರೈತರು ರಸ್ತೆಯ ಅಂಚಿನ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಬಳಿಯುತ್ತಿದ್ದರು. ಬೂಷ್ಟುರೋಗ ಬಂದಾಗ ಉಳಿದ ಬಳ್ಳಿಗಳ ಎಲೆ ಉದುರಿದರೂ ಈ ಬಳ್ಳಿಗಳು ಮಾತ್ರ ಹಸಿರಾಗಿದ್ದುದನ್ನು 1882ರಲ್ಲಿ ಮಿಲಾರ್ಡೆ ಎಂಬ ವಿದ್ವಾಂಸರು ಕಂಡರು. ಅವರು ಪರೀಕ್ಷೆಗಳನ್ನು ನಡೆಸಿ 1885ರಲ್ಲಿ ಈ ಚಿಕಿತ್ಸೆಯನ್ನು ಲೋಕಕ್ಕೆ ತಿಳಿಸಿದರು.

ಹಳೆಯ ಔಷಧ ಏಕೆ ಸೋಲಲಿಲ್ಲ?

ನೂರಕ್ಕೂ ಹೆಚ್ಚು ವರ್ಷ ಬಳಸಿದರೂ ಬೋರ್ಡೋ ದ್ರಾವಣವು ಈ ಜಾತಿಯ ರೋಗಗಳ ಮೇಲೆ ತನ್ನ ಬಲವನ್ನು ಉಳಿಸಿಕೊಂಡಿದೆ. ತಾಮ್ರದ ಅಂಶವು ರೋಗಾಣುವಿನ ಜೀವಕ್ರಿಯೆಗಳನ್ನು ಅನೇಕ ಕಡೆಗಳಲ್ಲಿ ಒಮ್ಮೆಗೇ ಕೆಡಿಸುತ್ತದೆ. ಒಂದು ಬಾಗಿಲನ್ನು ಭದ್ರಪಡಿಸಿಕೊಂಡ ಮಾತ್ರದಿಂದ ರೋಗಾಣುವು ಬದುಕಲಾರದು. ಆದರೆ ಈ ಔಷಧವು ಕಾಯಿಯ ಹೊರಮೈಯಲ್ಲಿ ನಿಂತು ಕಾಯುವ ಕಾವಲುಗಾರನೇ ಹೊರತು ಒಳಹೊಕ್ಕ ರೋಗವನ್ನು ಗುಣಪಡಿಸತಕ್ಕದ್ದಲ್ಲ. ಆದುದರಿಂದ ರೋಗ ಬರುವ ಮೊದಲೇ ಇದನ್ನು ಸಿಂಪಡಿಸಿರಬೇಕು.

ಹೊಸ ಔಷಧದ ಗುಣವೂ ಅಪಾಯವೂ

1977ರ ಸುಮಾರಿನಲ್ಲಿ ಮೆಟಲಾಕ್ಸಿಲ್ ಎಂಬ ಔಷಧವು ಬಳಕೆಗೆ ಬಂದಿತು. ಇದು ಗಿಡದ ಒಳಗೆ ಹರಿದು, ಆಗತಾನೇ ಹೊಕ್ಕ ರೋಗವನ್ನೂ ತಡೆಯಬಲ್ಲುದು. ಆದರೆ ಇದು ರೋಗಾಣುವಿನ ಒಂದೇ ಒಂದು ಕ್ರಿಯೆಯನ್ನು ತಡೆಯುತ್ತದೆ. ಕೋಟ್ಯಂತರ ರೋಗಾಣುಗಳಲ್ಲಿ ಆ ಒಂದು ಕ್ರಿಯೆಯು ಸ್ವಲ್ಪ ವ್ಯತ್ಯಾಸವಾಗಿರುವ ಕೆಲವು ಇದ್ದರೆ, ಔಷಧವು ಉಳಿದೆಲ್ಲವನ್ನೂ ಕೊಂದು ಅವನ್ನು ಮಾತ್ರ ಉಳಿಸುವುದು. ಉಳಿದವುಗಳ ಸಂತತಿಯೇ ಬೆಳೆದು ಹೊಲವನ್ನು ತುಂಬುವುದು. ಆಮೇಲೆ ಎಷ್ಟು ಹಣ ಸುರಿದರೂ ಆ ಔಷಧದಿಂದ ಪ್ರಯೋಜನವಿಲ್ಲ.

ಇದು ಬರಿಯ ಊಹೆಯಲ್ಲ. ಐರ್ಲೆಂಡ್ ಮತ್ತು ಹಾಲೆಂಡ್ ದೇಶಗಳಲ್ಲಿ ಆಲೂಗಡ್ಡೆಯ ಅಂಗಮಾರಿ ರೋಗಕ್ಕೆ ಈ ಔಷಧವನ್ನು ಒಂಟಿಯಾಗಿ ಬಳಸಿದರು. ಆ ರೋಗವನ್ನು ತರುವುದೂ ಫೈಟಾಫ್ತೊರಾ ಜಾತಿಯ ಜೀವಿಯೇ. ಬಳಕೆ ಆರಂಭವಾದ ಕೆಲವೇ ವರ್ಷಗಳಲ್ಲಿ, 1980ರಲ್ಲಿ, ಔಷಧಕ್ಕೆ ಬಗ್ಗದ ರೋಗಾಣುಗಳು ಹಬ್ಬಿ ಬೆಳೆ ಕೆಟ್ಟಿತು. ಆದುದರಿಂದ ಮ್ಯಾಂಕೋಜೆಬ್ ಮೊದಲಾದ, ಹಲವು ಕಡೆ ಕೆಲಸಮಾಡುವ ಔಷಧಗಳೊಡನೆ ಇದನ್ನು ಬೆರೆಸಿಯೇ ಬಳಸುವ ಪದ್ಧತಿಯು ಬಲಪಟ್ಟಿತು.

ಅನುಸರಿಸತಕ್ಕ ಕ್ರಮ

ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಆಧಾರವಾಗಿರಬೇಕು. ಶೇಕಡಾ 1ರ ದ್ರಾವಣಕ್ಕೆ ಮೈಲುತುತ್ತ 1 ಕಿಲೋ, ಒಳ್ಳೆಯ ಸುಟ್ಟ ಸುಣ್ಣ 1 ಕಿಲೋ, ನೀರು 100 ಲೀಟರು ಬೇಕು. ಮೈಲುತುತ್ತವನ್ನು 50 ಲೀಟರು ನೀರಿನಲ್ಲಿಯೂ ಸುಣ್ಣವನ್ನು ಉಳಿದ 50 ಲೀಟರಿನಲ್ಲಿಯೂ ಬೇರೆ ಬೇರೆ ಕರಗಿಸಿ, ಸೋಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕು. ಕಬ್ಬಿಣದ ಪಾತ್ರೆಯು ಕೂಡದು. ಹೊಳಪಾದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದಿದಾಗ ಅದರ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣದ ನೀರನ್ನು ಸೇರಿಸತಕ್ಕದ್ದು. ಅಂದು ಮಾಡಿದುದನ್ನು ಅಂದೇ ಮುಗಿಸಬೇಕು.

ಮೊದಲನೆಯ ಸಿಂಪರಣೆಯು ಮುಂಗಾರಿಗೆ ಮುಂಚೆ, ಎರಡನೆಯದು 40ರಿಂದ 45 ದಿನಗಳ ಮೇಲೆ ಮಳೆ ಬಿಟ್ಟ ಹೊತ್ತಿನಲ್ಲಿ ಆಗಬೇಕು. ಮಳೆಗಾಲ ದೀರ್ಘವಾದರೆ ಮೂರನೆಯದೂ ಅವಶ್ಯಕ. ಗೊನೆಯ ಎಲ್ಲ ಕಾಯಿಗಳೂ ನೆನೆಯಬೇಕು.

ಹೊಸ ಔಷಧ ಅನಿವಾರ್ಯವಾದಾಗ ಒಂಟಿ ಮೆಟಲಾಕ್ಸಿಲನ್ನು ಬಿಟ್ಟು ಮಿಶ್ರಣವನ್ನೇ ಕೊಳ್ಳಬೇಕು. ಅದೊಂದನ್ನೇ ಸಾಲಾಗಿ ಹೊಡೆಯದೆ ಬೋರ್ಡೋ ಸಿಂಪರಣೆಗಳ ನಡುವೆ ಸರದಿಯಲ್ಲಿ ಬಳಸತಕ್ಕದ್ದು. ಉಳಿತಾಯಕ್ಕೆಂದು ಪ್ರಮಾಣವನ್ನು ಇಳಿಸಲಾಗದು, ಹೆಚ್ಚಿನ ಗುಣ ಬರಲೆಂದು ಏರಿಸಲೂ ಆಗದು. ಅಂಗಡಿಯವರು ಕೊಟ್ಟ ಯಾವ ಬೂಷ್ಟುನಾಶಕವಾದರೂ ಆದೀತೆಂಬುದು ತಪ್ಪು: ಕಾರ್ಬೆಂಡಾಜಿಮ್ ಅನೇಕ ಬೂಷ್ಟುಗಳನ್ನು ಕೊಲ್ಲುವುದಾದರೂ ಫೈಟಾಫ್ತೊರಾ ಜಾತಿಯ ಮೇಲೆ ಅದು ನಡೆಯದು. ತಾಮ್ರವು ಮಣ್ಣಿನಲ್ಲಿ ಶೇಖರವಾಗಿ ಉಳಿಯುವ ವಸ್ತುವಾದುದರಿಂದ ಬೋರ್ಡೋ ದ್ರಾವಣವನ್ನೂ ಅಗತ್ಯಕ್ಕಿಂತ ಹೆಚ್ಚಾಗಿ ಸುರಿಯತಕ್ಕದ್ದಲ್ಲ.

ಊರಿನ ಮುಖಂಡರ ಕರ್ತವ್ಯ

ಉದುರಿದ ಕಾಯಿಗಳನ್ನೂ ರೋಗದಿಂದ ಸತ್ತ ಮರಗಳ ತಲೆಗಳನ್ನೂ ಒಟ್ಟುಮಾಡಿ ಸುಡದಿದ್ದರೆ ಎಲ್ಲ ಔಷಧವೂ ಅರ್ಧ ಕೆಲಸವೇ. ಅಲ್ಲದೆ ಗಾಳಿಮಳೆಯಲ್ಲಿ ಹಾರುವ ರೋಗಾಣುವು ಬೇಲಿಯನ್ನು ಲೆಕ್ಕಿಸುವುದಿಲ್ಲ. ಒಬ್ಬನ ತೋಟದಲ್ಲಿ ಔಷಧಕ್ಕೆ ಬಗ್ಗದ ರೋಗಾಣು ಹುಟ್ಟಿದರೆ ಅದು ನೆರೆಯವನ ತೋಟಕ್ಕೂ ಹೋಗುವುದು. ಜಾಗರೂಕನಾದ ಯಜಮಾನನು ಕೊಂಡ ಔಷಧವೂ ವ್ಯರ್ಥವಾಗುವುದು.

ಆದುದರಿಂದ ಮೇ ತಿಂಗಳಿನಲ್ಲಿಯೇ ಊರಿನ ಹಿರಿಯರು ತೋಟದವರನ್ನು ಕೂಡಿಸಿ, ಮೈಲುತುತ್ತವನ್ನೂ ಸುಣ್ಣವನ್ನೂ ಒಟ್ಟಾಗಿ ತರಿಸುವುದು, ಕೊನೆಗಾರರ ಸರದಿಯನ್ನು ಗೊತ್ತುಮಾಡುವುದು, ಒಡೆಯರು ಪರಸ್ಥಳದಲ್ಲಿರುವ ತೋಟಗಳಿಗೂ ವ್ಯವಸ್ಥೆ ಮಾಡುವುದು ಯುಕ್ತ. ಯಾವ ತೋಟಕ್ಕೆ ಯಾವ ಔಷಧವನ್ನು ಎಂದು ಹೊಡೆಯಲಾಯಿತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ವರ್ಷದ ಸರದಿಯನ್ನು ನಿರ್ಧರಿಸಲು ಅನುಕೂಲವಾಗುವುದು. ಮರ ಒಬ್ಬೊಬ್ಬರದಾದರೂ ಔಷಧದ ಬಲವು ಊರಿಗೆಲ್ಲ ಸೇರಿದ ಸ್ವತ್ತು. ಅದನ್ನು ಕೆರೆಯ ನೀರಿನಂತೆ ಎಲ್ಲರೂ ಕೂಡಿಯೇ ಕಾಯ್ದುಕೊಳ್ಳತಕ್ಕದ್ದು.