ನಡುವಿನ ಅರ್ಧ ಮೈಲಿ ಯಾರದು?

ಕಮ್ಮನಹಳ್ಳಿ ಮುಖ್ಯರಸ್ತೆಯಲ್ಲಿ ಯಾರನ್ನಾದರೂ ನಿಲ್ಲಿಸಿ ಬಾಣಸವಾಡಿ ರೈಲು ನಿಲ್ದಾಣಕ್ಕೆ ದಾರಿ ಕೇಳಿ ನೋಡಿ. ‘ಅಲ್ಲಿ ರೈಲು ನಿಲ್ಲುತ್ತಾ?’ ಎಂದು ಅವರೇ ನಿಮ್ಮನ್ನು ಕೇಳಿದರೆ ಆಶ್ಚರ್ಯಪಡಬೇಡಿ. ಸರ್ವಜ್ಞನಗರ ಕ್ಷೇತ್ರದ ಮಟ್ಟಿಗೆ ಹಳಿಗೇನೂ ಬರವಿಲ್ಲ. ದಕ್ಷಿಣದ ಅಂಚಿನಲ್ಲಿ ಜೋಲಾರ್‌ಪೇಟೆಗೆ ಹೋಗುವ ಹಳೆಯ ದಾರಿ, ಅದರ ಮೇಲೆ ಬೆಂಗಳೂರು ಪೂರ್ವ ನಿಲ್ದಾಣ. ಬೈಯಪ್ಪನಹಳ್ಳಿಯ ಬಳಿ ಕವಲೊಡೆದು ಬಾಣಸವಾಡಿ, ಹೆಬ್ಬಾಳದ ಮೇಲೆ ಯಶವಂತಪುರ ಸೇರುವ ಇನ್ನೊಂದು ದಾರಿ ಬಡಾವಣೆಗಳ ನಡುವೆಯೇ ಹಾಯುತ್ತದೆ. ಕಾಕ್ಸ್‌ಟೌನಿನಿಂದ ನಾಗವಾರದವರೆಗೆ ರಾತ್ರಿ ಮಲಗಿದವರಿಗೆ ರೈಲಿನ ಸದ್ದು ಚೆನ್ನಾಗಿಯೇ ಕೇಳುತ್ತದೆ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೊರಟಾಗ ಮಾತ್ರ ಅದೇ ಜನ ಹೆಣ್ಣೂರು ರಸ್ತೆಯ ವಾಹನಗಳ ಸಾಲಿನಲ್ಲಿ ನಿಂತಿರುತ್ತಾರೆ.

ಈ ಭಾಗಕ್ಕೆ ರೈಲು ಬಂದು ಒಂದೂವರೆ ಶತಮಾನ ದಾಟಿತು. 1864ರಲ್ಲಿ ಜೋಲಾರ್‌ಪೇಟೆಯಿಂದ ಬಂದ ಹಳಿ ಮುಗಿದದ್ದು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ. ಪೇಟೆಯ ಕಡೆಯ ಸಿಟಿ ನಿಲ್ದಾಣ ಹುಟ್ಟಿದ್ದು ಆಮೇಲೆ. ಪಲ್ಟನ್ನು, ಸರಕು, ಸಾಹೇಬರು ಮದ್ರಾಸಿಗೆ ಹೋಗಿಬರಲು ಹಾಕಿದ ಹಳಿ ಅದು. ಊರಿನ ಒಂದು ಬದಿಯಿಂದ ಇನ್ನೊಂದು ಬದಿಗೆ ದಿನವೂ ಓಡಾಡುವವರ ಲೆಕ್ಕ ಆಗಿನ ವೇಳಾಪಟ್ಟಿಯಲ್ಲಿ ಇರಲಿಲ್ಲ. ಈಗಲೂ ಬಹುಮಟ್ಟಿಗೆ ಇಲ್ಲ.

ಆದರೂ ಆ ಹಳಿಯನ್ನು ಹಟ ಹಿಡಿದು ತಮ್ಮದಾಗಿಸಿಕೊಂಡವರಿದ್ದಾರೆ. ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದ ಮೇಲೆ ಕೆಜಿಎಫ್‌ನವರಿಗೆ ಅನ್ನದ ದಾರಿಯಾಗಿ ಉಳಿದದ್ದು ಮಾರಿಕುಪ್ಪಂ ರೈಲು. ಅಪ್ಪ ಗಣಿಗೆ ಇಳಿದರೆ ಮಕ್ಕಳು ರೈಲು ಹತ್ತಿದರು. ಬಂಗಾರಪೇಟೆ, ಟೇಕಲ್, ಮಾಲೂರು, ವೈಟ್‌ಫೀಲ್ಡ್, ಕೆ.ಆರ್. ಪುರ ದಾಟಿ ದಂಡಿನ ಕಡೆ ಬರುವ ಬೆಳಗಿನ ಗಾಡಿಯೊಳಗೆ ಸೆಕ್ಯುರಿಟಿ ಕೆಲಸದವರು, ಅಂಗಡಿಯಲ್ಲಿ ದುಡಿಯುವವರು, ಆಸ್ಪತ್ರೆಯ ನರ್ಸ್‌ಗಳು, ಕಂಪನಿಯ ಹುಡುಗರು ಎಲ್ಲರೂ ಸೀಸನ್ ಟಿಕೆಟ್ ಇಟ್ಟುಕೊಂಡೇ ಬರುತ್ತಾರೆ. ಸೀಟು ಹಿಡಿದವರು ನಿಂತವರ ಊಟದ ಚೀಲವನ್ನು ತೊಡೆಯ ಮೇಲಿಟ್ಟುಕೊಳ್ಳುವುದು ಅಲ್ಲಿಯ ಬರೆಯದ ಕಾನೂನು. ಬೆಂಗಳೂರಿಗೆ ಲೋಕಲ್ ರೈಲು ಬೇಕೇ ಬೇಡವೇ ಎಂದು ನಗರದಲ್ಲಿ ವರ್ಷಗಟ್ಟಲೆ ಚರ್ಚೆ ನಡೆಯುತ್ತಿದ್ದಾಗ ಈ ಜನ ಸದ್ದಿಲ್ಲದೆ ಲೋಕಲ್ ರೈಲಿನಲ್ಲೇ ಬದುಕುತ್ತಿದ್ದರು.

ಅವರ ಕಷ್ಟ ಒಂದೇ ಹಳಿಯ ಮೇಲೆ ಎಲ್ಲರೂ ಓಡಬೇಕಾದ ಕಷ್ಟ. ಚೆನ್ನೈಯ ಶತಾಬ್ದಿ, 2022ರ ನವೆಂಬರಿನಲ್ಲಿ ಬಂದ ಮೈಸೂರು–ಚೆನ್ನೈ ವಂದೇ ಭಾರತ್, ಡಬಲ್ ಡೆಕರ್, ಮೇಲ್, ಗೂಡ್ಸ್ ಎಲ್ಲಕ್ಕೂ ದಾರಿ ಅದೇ. ದೊಡ್ಡ ಗಾಡಿಗೆ ದಾರಿ ಬಿಡಲು ಪ್ಯಾಸೆಂಜರ್ ಔಟರ್‌ನಲ್ಲಿ ನಿಲ್ಲುತ್ತದೆ. ಒಳಗಿರುವವರಿಗೆ ಹಾಜರಿ ಪುಸ್ತಕದ ಚಿಂತೆ. ರೈಲ್ವೆಯ ಲೆಕ್ಕದಲ್ಲಿ ಗಾಡಿ ಹೊತ್ತಿಗೆ ಸರಿಯಾಗಿ ಬಂತೆಂದರೆ ಸಾಮಾನ್ಯವಾಗಿ ಕೊನೆಯ ನಿಲ್ದಾಣ ಮುಟ್ಟಿದ ಹೊತ್ತು. ಕೊನೆಯ ಹಂತದಲ್ಲಿ ಒಂದಿಷ್ಟು ನಿಮಿಷ ಹೆಚ್ಚುವರಿಯಾಗಿ ಸೇರಿಸಿರುತ್ತಾರಾದ್ದರಿಂದ ದಾರಿಯಲ್ಲಿ ಕಳೆದದ್ದು ಅಲ್ಲಿ ಸರಿಹೋಗುತ್ತದೆ. ನಡುವಿನ ನಿಲ್ದಾಣದಲ್ಲಿ ಇಳಿಯುವವನಿಗೆ ತಡವಾದದ್ದು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ದಂಡು–ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿ ಬಂದರೆ ಲೋಕಲ್‌ಗೆ ತನ್ನದೇ ದಾರಿ ಸಿಗಬಹುದು. ಎಷ್ಟೋ ವರ್ಷ ಕಡತದಲ್ಲೇ ಮಲಗಿದ್ದ ಕೆಲಸ ಅದು. ಹೊಸ ಹಳಿ ಮುಗಿದ ದಿನ ಅದರ ಮೇಲೆ ಮೊದಲು ಯಾರಿಗೆ ಹಕ್ಕು ಎಂಬುದನ್ನು ಈಗಲೇ ಬರೆದಿಡದಿದ್ದರೆ ಅಲ್ಲಿಯೂ ಇನ್ನೊಂದು ಎಕ್ಸ್‌ಪ್ರೆಸ್ ಬಂದು ಕೂರುತ್ತದೆ.

ಇನ್ನು ಈ ಕಡೆಯ ನಿಲ್ದಾಣಗಳ ಕಥೆ. ಕೆಲವು ವರ್ಷಗಳ ಹಿಂದೆ ಎರ್ನಾಕುಲಂ ಎಕ್ಸ್‌ಪ್ರೆಸ್ಸನ್ನು ಬಾಣಸವಾಡಿಯಿಂದ ಹೊರಡಿಸಿದಾಗ ಮಲಯಾಳಿ ಪ್ರಯಾಣಿಕರು ಗಲಾಟೆಯನ್ನೇ ಮಾಡಿದರು. ದೂರು ರೈಲಿನದಾಗಿರಲಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಅಲ್ಲಿಗೆ ಬರಲು, ಅಲ್ಲಿಂದ ಮನೆಗೆ ಹೋಗಲು ಬಸ್ಸಿಲ್ಲ ಎಂಬುದು ದೂರು. ಆಮೇಲೆ 2022ರ ಜೂನ್ 6ರಂದು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ತೆರೆಯಿತು. ಸುಮಾರು 314 ಕೋಟಿ ರೂಪಾಯಿಯ, ವಿಮಾನ ನಿಲ್ದಾಣವನ್ನು ನೆನಪಿಸುವ, ತಂಪು ಗಾಳಿಯ ಕಟ್ಟಡ. ಅಲ್ಲಿಂದ ಹೊರಟ ಮೊದಲ ಗಾಡಿಯೂ ಎರ್ನಾಕುಲಮ್ಮಿನದೇ. ದೂರು ಕೂಡ ಗಾಡಿಯ ಜೊತೆಗೇ ವರ್ಗವಾಗಿ ಬಂತು! ಹೊಸ ಟರ್ಮಿನಲ್ ಜೋಲಾರ್‌ಪೇಟೆ ಹಳಿಯ ಈಚೆ, ಮೆಟ್ರೊ ಆಚೆ. ನಡುವೆ ಸೂಟ್‌ಕೇಸ್ ಎಳೆದುಕೊಂಡು ಹೋಗುವಂಥ ಫುಟ್‌ಪಾತ್ ಇರಲಿಲ್ಲ. ಮಾರುತಿ ಸೇವಾನಗರದ ಇಕ್ಕಟ್ಟು ರಸ್ತೆಗಳ ಮೇಲೆ ಆ ಭಾರವೆಲ್ಲ ಬಿತ್ತು. ಬಿಎಂಟಿಸಿ ಬಸ್ ಬಿಟ್ಟಿತು, ನಿಜ. ಆದರೆ ನಸುಕಿನಲ್ಲಿ ಬಂದಿಳಿಯುವ ಗಾಡಿಗಳ ಹೊತ್ತಿಗೂ ಬಸ್ಸಿನ ಶೆಡ್ಯೂಲಿಗೂ ಮದುವೆ ಮಾಡಿಸುವವರು ಯಾರೂ ಸಿಗಲಿಲ್ಲ. ಆಟೊದವರು ಕೇಳಿದ್ದೇ ದರ.

ಇಂಥ ಸಣ್ಣ ಕೊಂಡಿಗೆ ಎಷ್ಟು ಬೆಲೆ ಎನ್ನುವುದಕ್ಕೆ ಪಕ್ಕದಲ್ಲೇ ಸಾಕ್ಷಿಯಿದೆ. 2023ರ ಮಾರ್ಚ್ 25ರಂದು ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ನೇರಳೆ ಮಾರ್ಗದ ಮೆಟ್ರೊ ಶುರುವಾಯಿತು: 13.71 ಕಿ.ಮೀ., 12 ನಿಲ್ದಾಣ. ಬೈಯಪ್ಪನಹಳ್ಳಿಯವರೆಗೆ ಮೆಟ್ರೊ 2011ರಿಂದಲೇ ಇತ್ತು. ಎರಡರ ನಡುವೆ ಉಳಿದದ್ದು ಬರೀ 2.1 ಕಿ.ಮೀ. ಬೆನ್ನಿಗಾನಹಳ್ಳಿಯಲ್ಲಿ ರೈಲು ಹಳಿಯ ಮೇಲೆ ಉಕ್ಕಿನ ತೊಲೆಸೇತುವೆ ಕೂರಿಸುವ ಕೆಲಸ ಬಾಕಿಯಿತ್ತು. ಆರು ತಿಂಗಳಿಗೂ ಹೆಚ್ಚು ಕಾಲ ಜನ ಬೈಯಪ್ಪನಹಳ್ಳಿಯಲ್ಲಿ ಇಳಿದು, ಫೀಡರ್ ಬಸ್ ಹತ್ತಿ, ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ತೆವಳಿ, ಮತ್ತೆ ಮೆಟ್ಟಿಲು ಹತ್ತಿ ಇನ್ನೊಂದು ಮೆಟ್ರೊ ಹಿಡಿಯಬೇಕಾಯಿತು. ಬಹಳ ಮಂದಿ ಆ ತಾಪತ್ರಯವೇ ಬೇಡವೆಂದು ಬೈಕ್ ತೆಗೆದರು. ಅಕ್ಟೋಬರ್ 9ರಂದು ಆ ತುಂಡು ಸೇರಿದ ಮೇಲೆ ಅದೇ ಮಾರ್ಗದಲ್ಲಿ ನಿಲ್ಲಲು ಜಾಗವಿಲ್ಲ. ಸಾರಿಗೆ ಯೋಜನೆ ಮಾಡುವವರು ಕಾಯುವ ಒಂದು ನಿಮಿಷವನ್ನು ಪ್ರಯಾಣದ ಸುಮಾರು ಎರಡು ನಿಮಿಷಕ್ಕೆ ಸಮವೆಂದು ಹಿಡಿಯುವುದು ವಾಡಿಕೆ. ಬೈಯಪ್ಪನಹಳ್ಳಿಯ ಮೆಟ್ಟಿಲ ಮೇಲೆ ನಿಂತವರಿಗೆ ಆ ಸೂತ್ರ ಯಾರೂ ಕಲಿಸಬೇಕಾಗಿರಲಿಲ್ಲ.

ಉಪನಗರ ರೈಲು ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತಿದೆ. 1983ರಿಂದಲೂ ಪ್ರಸ್ತಾವಗಳು ಬಂದುಹೋಗಿವೆ. 2016ರ ಕೊನೆಗೆ ನಾಗರಿಕರು ‘ಚುಕುಬುಕು ಬೇಕು’ ಎಂದು ಬೀದಿಗಿಳಿದರು. 2020ರ ಅಕ್ಟೋಬರಿನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು: ನಾಲ್ಕು ಕಾರಿಡಾರ್, 148.17 ಕಿ.ಮೀ., 15,767 ಕೋಟಿ ರೂಪಾಯಿ. 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿ 40 ತಿಂಗಳ ಗಡುವು ಹೇಳಿದರು. ಬೈಯಪ್ಪನಹಳ್ಳಿ–ಚಿಕ್ಕಬಾಣಾವರದ ‘ಮಲ್ಲಿಗೆ’ ಮಾರ್ಗ ಸೇವಾನಗರ, ಬಾಣಸವಾಡಿ, ಕಾವೇರಿನಗರ, ನಾಗವಾರ ಎಂದು ಈ ಕ್ಷೇತ್ರದ ಮನೆಬಾಗಿಲಲ್ಲೇ ಹೋಗುತ್ತದೆ. ಗಡುವು ದಾಟಿತು. ಭೂಮಿ ಹಸ್ತಾಂತರದ ತಕರಾರಿನಲ್ಲಿ ದೊಡ್ಡ ಗುತ್ತಿಗೆದಾರ ಕಂಪನಿ 2025ರಲ್ಲಿ ಕೆಲಸ ಬಿಟ್ಟು ಹೊರನಡೆಯಿತು. ಮಲ್ಲಿಗೆ ಅರಳಲಿ, ಬೇಡವೆನ್ನುವವರಾರು? ಆದರೆ ಅದು ಅರಳುವ ತನಕ ಇರುವ ಹಳಿಯ ಮೇಲೆ ಬೆಳಿಗ್ಗೆ ಸಂಜೆ ಒಂದೊಂದು ತಾಸಿಗಾದರೂ ಒಂದು ಮೆಮು ಯಶವಂತಪುರ, ಹೆಬ್ಬಾಳ, ಬಾಣಸವಾಡಿಯ ಮೇಲೆ ಹೊಸೂರಿನ ಕಡೆ ಓಡಿದರೆ ಬೆಳ್ಳಂದೂರು, ಕಾರ್ಮೆಲರಾಂ ಕಡೆ ಕೆಲಸಕ್ಕೆ ಹೋಗುವವರು ವರ್ತುಲ ರಸ್ತೆಯಿಂದ ಎದ್ದು ಬರುತ್ತಾರೆ. ದಿನಕ್ಕೆ ಒಂದೆರಡು ಗಾಡಿ, ಅದೂ ರೈಲ್ವೆಗೆ ಅನುಕೂಲವಾದ ಹೊತ್ತಿಗೆ ಎಂದರೆ ಬರುವುದಿಲ್ಲ.

ಬಸ್ಸಿನ ವಿಷಯದಲ್ಲಿ ನಮಗೆ ಮರೆವು ಜಾಸ್ತಿ. 2019ರ ಅಕ್ಟೋಬರಿನಲ್ಲಿ ಟಿನ್ ಫ್ಯಾಕ್ಟರಿಯಿಂದ ಸಿಲ್ಕ್ ಬೋರ್ಡ್‌ವರೆಗೆ ವರ್ತುಲ ರಸ್ತೆಯ ಒಂದು ಸಾಲನ್ನು ಬಸ್ಸಿಗೇ ಬಿಟ್ಟುಕೊಟ್ಟಿದ್ದರು. ಬದಿಗೆ ಗೂಟ ನೆಟ್ಟು, ಒಳನುಗ್ಗಿದ ಕಾರುಗಳಿಗೆ ದಂಡ ಹಾಕಿ, 500ರ ಸರಣಿಯ ಬಸ್ಸುಗಳು ಸಲೀಸಾಗಿ ಓಡಿದ ದಿನಗಳವು. ಪಕ್ಕದ ಸಾಲಿನ ಕಾರಿನಲ್ಲಿ ಕೂತವರು ಬಸ್ಸು ತಮ್ಮನ್ನು ಹಿಂದೆ ಹಾಕಿ ಹೋಗುವುದನ್ನು ನೋಡಿದ್ದು ಬೆಂಗಳೂರಿನಲ್ಲಿ ಅಪರೂಪ. ಕೊರೊನಾ ಬಂತು, ಮೆಟ್ರೊ ಕಾಮಗಾರಿ ಬಂತು, ಗೂಟಗಳು ಹೋದವು. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾಗಿ ಬಸ್ಸು ತುಂಬಿತು. ತುಂಬಿದ ಬಸ್ಸು ಶಿವಾಜಿನಗರದ ಕಡೆ ಹೊರಟು ಕಾರುಗಳ ಹಿಂದೆಯೇ ನಿಂತಿದೆ. ಟಿಕೆಟ್ ಪುಕ್ಕಟೆ ಮಾಡುವುದಕ್ಕೆ ಬೇಕಾದ ರಾಜಕೀಯ ಧೈರ್ಯ ಇತ್ತು. ರಸ್ತೆಯ ಒಂದು ಸಾಲನ್ನು ಬಿಡಿಸಿಕೊಡುವುದಕ್ಕೆ ಇಲ್ಲ.

ರೈಲು, ಬಸ್ಸು ಹೊಂದಿಕೊಂಡು ಓಡುವ ಊರುಗಳೂ ಇವೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 1990ರಲ್ಲಿ ಲೋಕಲ್ ರೈಲು ಶುರುವಾದಾಗ ಅದರ ಜೊತೆಗೇ ರೈಲು, ಟ್ರಾಮು, ಬಸ್ಸು, ದೋಣಿ ಎಲ್ಲಕ್ಕೂ ಒಂದೇ ಟಿಕೆಟ್ಟಿನ ಒಕ್ಕೂಟ ಹುಟ್ಟಿತು. ಸ್ವಿಸ್ ಗಾಡಿಗಳು 1982ರಿಂದಲೇ ಗಡಿಯಾರದ ಮುಳ್ಳಿಗೆ ಹೊಂದಿಸಿ ಓಡುತ್ತಿದ್ದವು: ಪ್ರತಿ ತಾಸಿನ ಅದೇ ನಿಮಿಷಕ್ಕೆ ಗಾಡಿ, ಅದು ಬಂದು ನಿಲ್ಲುವ ಹೊತ್ತಿಗೆ ಹೊರಗೆ ಬಸ್ಸು. ಅದು ಶ್ರೀಮಂತರ ದೇಶ, ಬಿಡಿ ಎನ್ನುವಂತೆಯೂ ಇಲ್ಲ. ಚೆನ್ನೈಯಲ್ಲಿ 2025ರ ಸೆಪ್ಟೆಂಬರಿನಲ್ಲಿ ಬಸ್ಸು, ಮೆಟ್ರೊ, ಲೋಕಲ್ ರೈಲು ಮೂರಕ್ಕೂ ಒಂದೇ ಆ್ಯಪ್‌ನಲ್ಲಿ ಟಿಕೆಟ್ ಕೊಡಲು ಶುರುಮಾಡಿದರು. ನಮ್ಮಲ್ಲೂ 2022ರಲ್ಲಿ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರಕ್ಕೆಂದು ಕಾಯ್ದೆಯೇ ಆಗಿದೆ. ನೈರುತ್ಯ ರೈಲ್ವೆ, ಬಿಎಂಟಿಸಿ, ಮೆಟ್ರೊ ನಿಗಮ, ಉಪನಗರ ರೈಲಿನ ಕೆ–ರೈಡ್, ಪಾಲಿಕೆಗಳು ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸುವುದು ಅದರ ಕೆಲಸ. ಆ ಮೇಜಿನ ಮೇಲೆ ಮೊದಲು ಇಡಬೇಕಾದದ್ದು ವೇಳಾಪಟ್ಟಿ.

ಒಟ್ಟಿಗೆ ಕೂರದಿದ್ದರೆ ಏನಾಗುತ್ತದೆಂದು ದಂಡಿನಲ್ಲಿ ನೋಡಿದ್ದೇವೆ. ಗುಲಾಬಿ ಮಾರ್ಗದ ಮೆಟ್ರೊ ನಿಲ್ದಾಣ ಮೊದಲ ನಕ್ಷೆಯಲ್ಲಿ ರೈಲು ನಿಲ್ದಾಣದ ಆವರಣದಲ್ಲೇ ಇತ್ತು. ಆಮೇಲೆ ಅದನ್ನು ಬಂಬೂ ಬಜಾರಿನ ಆಟದ ಮೈದಾನಕ್ಕೆ ಸರಿಸಿದರು. ಖರ್ಚು, ಎಂಜಿನಿಯರಿಂಗ್ ತೊಡಕು ಎಂದು ಕಾರಣ ಹೇಳಿದರು. ರೈಲು ಪ್ರಯಾಣಿಕರು, ಜನಪ್ರತಿನಿಧಿಗಳು ಕೂಗಾಡಿದರೂ ಬದಲಾಗಲಿಲ್ಲ. 1864ರಿಂದ ಅಲ್ಲಿರುವ ನಿಲ್ದಾಣಕ್ಕೆ ಹೊಸ ಮೆಟ್ರೊ ಅಂಟಿಕೊಳ್ಳಲಿಲ್ಲ.

ನಾಗವಾರದಲ್ಲಿ ಇನ್ನೂ ಅವಕಾಶವಿದೆ. ಗುಲಾಬಿ ಮಾರ್ಗದ ಕೊನೆಯ ನಿಲ್ದಾಣ ಅಲ್ಲಿ ನೆಲದೊಳಗೆ, ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗದ ನಿಲ್ದಾಣ ಕಂಬದ ಮೇಲೆ. ಮಲ್ಲಿಗೆಯ ನಾಗವಾರ ನಿಲ್ದಾಣ ಹಳಿಯ ಬದಿಗೆ. ರಸ್ತೆಯಲ್ಲಿ ವರ್ತುಲ ಬಸ್ಸುಗಳು. ಮೂರು ಸಂಸ್ಥೆಗಳ ಕೈಯಲ್ಲಿ ಮೂರು ಬಗೆಯ ನಕ್ಷೆಗಳಿವೆ. ಅವುಗಳ ನಡುವೆ ಮಳೆಯಲ್ಲಿ ನೆನೆಯದೆ, ಸಿಗ್ನಲ್ ದಾಟದೆ ನಡೆದುಹೋಗಬಹುದಾದ ಕಾಲುಸೇತುವೆಯನ್ನು ಯಾರ ಹಣದಲ್ಲಿ, ಯಾರ ಜಾಗದಲ್ಲಿ ಕಟ್ಟುವುದೆಂದು ಕಾಮಗಾರಿ ನಡೆದಿರುವಾಗಲೇ ತೀರ್ಮಾನಿಸಬೇಕು. ಕಾಂಕ್ರೀಟು ಒಣಗಿದ ಮೇಲೆ ಅದೇ ಸೇತುವೆಗೆ ಖರ್ಚು ಎಷ್ಟೋ ಪಟ್ಟು, ಕಾಯುವ ವರ್ಷಗಳೂ ಅಷ್ಟೇ.