ಅದ್ದಿದ ಬಿಸ್ಕತ್ತು ಯಾಕೆ ಬೀಳುತ್ತದೆ?

ಐದು ರೂಪಾಯಿ ಬಿಸ್ಕತ್ತಿನ ಗುಣವನ್ನು ಬರೀ ಒಣದಾಗಿ ಕಡಿದು ತೀರ್ಮಾನಿಸುವುದು ಅನ್ಯಾಯ. ಅದನ್ನು ನಮ್ಮ ಜನ ತಿನ್ನುವುದೇ ಚಹಾದಲ್ಲಿ ಅದ್ದಿ. ಪರೀಕ್ಷೆಯೂ ಅಲ್ಲೇ ಆಗಬೇಕು. ಒಣ ಬಿಸ್ಕತ್ತಿನ ಪರಿಮಳವೆಲ್ಲ ಸಕ್ಕರೆ ಮತ್ತು ಕೊಬ್ಬಿನೊಳಗೆ ಸಿಕ್ಕಿಕೊಂಡಿರುತ್ತದೆ. ಬಿಸಿ ತಾಗಿದೊಡನೆ ಅದು ಬಿಡಿಸಿಕೊಂಡು, ಗಂಟಲ ಹಿಂಬದಿಯಿಂದ ಮೂಗಿಗೆ ಏರುತ್ತದೆ. ರುಚಿ ಎಂದು ನಾವು ಹೇಳುವುದರಲ್ಲಿ ದೊಡ್ಡ ಪಾಲು ಹೀಗೆ ಮೂಗಿನದೇ. ಅಗ್ಗದ ಬಿಸ್ಕತ್ತಿಗೆ ಬೀಳುವುದು ಬೆಣ್ಣೆಯಲ್ಲ, ಸಾಮಾನ್ಯವಾಗಿ ತಾಳೆ ಎಣ್ಣೆ. ಕೋಣೆಯ ತಾಪದಲ್ಲಿ ಅರೆಗಟ್ಟಿಯಾಗಿರುವ ಆ ಕೊಬ್ಬು ಬಿಸಿ ಚಹಾದಲ್ಲಿ ಕರಗಿಬಿಡುತ್ತದೆ. ಒಣದಾಗಿ ತಿಂದಾಗ ಅಂಗುಳಕ್ಕೆ ಮೆತ್ತಿಕೊಳ್ಳುವ ಜಿಡ್ಡು, ಅದ್ದಿ ತಿಂದಾಗ ಕಾಡದಿರುವುದು ಇದರಿಂದಲೇ.

ಆದರೆ ಬಿಸಿಯೇ ಬಿಸ್ಕತ್ತನ್ನು ಬೀಳಿಸುವುದೂ ಹೌದು. ಬಿಸ್ಕತ್ತಿನ ಒಳಗೆ ಮೈದಾದ ಪಿಷ್ಟದ ಕಣಗಳು ಕಲ್ಲುಗಳಾದರೆ, ಕರಗಿ ಗಟ್ಟಿಯಾದ ಸಕ್ಕರೆ ಅವುಗಳ ನಡುವಿನ ಗಾರೆ. ಹಿಟ್ಟು ಉಬ್ಬಲೆಂದು ಬೆರೆಸಿದ ಅಮೋನಿಯಂ ಬೈಕಾರ್ಬನೇಟ್ ಬೇಯುವಾಗ ಪೂರ್ತಿ ಅನಿಲವಾಗಿ ಹಾರಿಹೋಗಿ, ಹಿಟ್ಟಿನ ತುಂಬ ಸಣ್ಣ ಸಣ್ಣ ರಂಧ್ರಗಳನ್ನು ಉಳಿಸುತ್ತದೆ. ಅದ್ದಿದಾಗ ಚಹಾ ಈ ರಂಧ್ರಗಳಲ್ಲಿ ತಾನಾಗಿಯೇ ನುಗ್ಗುತ್ತದೆ, ಗಾರೆ ಕರಗುತ್ತದೆ, ಪಿಷ್ಟ ನೀರು ಕುಡಿದು ಊದಿಕೊಳ್ಳುತ್ತದೆ. ಆಮೇಲೆ ತನ್ನ ಭಾರವನ್ನೇ ತಾನು ಹೊರಲಾರದೆ ಅದ್ದಿದ ಭಾಗ ಲೋಟದ ತಳ ಸೇರುತ್ತದೆ.

ಚಹಾ ಎಷ್ಟು ಬೇಗ ನುಗ್ಗುತ್ತದೆ ಎಂಬುದಕ್ಕೆ ಅಮೆರಿಕದ ವಿಜ್ಞಾನಿ ಎಡ್ವರ್ಡ್ ವಾಶ್‌ಬರ್ನ್ 1921ರಲ್ಲೇ ಒಂದು ಸೂತ್ರ ಕೊಟ್ಟಿದ್ದರು. ಈ ರಂಧ್ರಗಳಂಥ ಸೂಕ್ಷ್ಮ ನಳಿಕೆಯಲ್ಲಿ ದ್ರವ ಒಂದು ದೂರ ಹೋಗಲು ಒಂದು ಸೆಕೆಂಡು ತೆಗೆದುಕೊಂಡರೆ, ಅದರ ಎರಡರಷ್ಟು ದೂರಕ್ಕೆ ನಾಲ್ಕು ಸೆಕೆಂಡು ಬೇಕು. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿದ್ದ ಭೌತವಿಜ್ಞಾನಿ ಲೆನ್ ಫಿಶರ್ ಈ ಸೂತ್ರವನ್ನು ಬಿಸ್ಕತ್ತಿಗೆ ಹಚ್ಚಿ ನೋಡಿ, 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ನಗಿಸಿ, ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನವೂ ಅದೇ ವರ್ಷ ಅವರಿಗೆ ಬಂತು. ಬಿಸ್ಕತ್ತನ್ನು ನೆಟ್ಟಗೆ ಮುಳುಗಿಸಿದರೆ ಎರಡೂ ಮುಖಗಳಿಂದ ಚಹಾ ಒಳಬರುತ್ತದೆ. ಪ್ರತಿ ಕಡೆಯಿಂದ ಅದು ಸಾಗಬೇಕಾದದ್ದು ಅರ್ಧ ದಪ್ಪ ಮಾತ್ರ. ಅಡ್ಡಡ್ಡ ಮಲಗಿಸಿ, ಮೇಲಿನ ಮುಖ ಒಣಗಿರುವಂತೆ ಅದ್ದಿದರೆ ಪೂರ್ತಿ ದಪ್ಪವನ್ನು ದಾಟಬೇಕು. ಅಂದರೆ ನಾಲ್ಕು ಪಟ್ಟು ಸಮಯ ಸಿಗುತ್ತದೆ, ಅಷ್ಟು ಹೊತ್ತೂ ಒಣ ಮುಖ ಒದ್ದೆ ಮುಖದ ಭಾರ ಹೊರುತ್ತದೆ.

ನಮ್ಮ ಸಣ್ಣ ಗಾಜಿನ ಲೋಟದಲ್ಲಿ ಬಿಸ್ಕತ್ತು ಮಲಗಿಸುವುದು ಆಗದ ಮಾತು. ಆದರೆ ಹಿರಿಯರು ಚಹಾ ಬಗ್ಗಿಸಿಕೊಂಡು ಕುಡಿಯುವ ಸಾಸರ್ ಇದಕ್ಕೆ ಹೇಳಿ ಮಾಡಿಸಿದ್ದು. ಅಗಲಕ್ಕೆ ಅಗಲವಾಯಿತು, ಚಹಾ ಕೊಂಚ ಆರಿಯೂ ಇರುತ್ತದೆ. ಆರಿದಷ್ಟೂ ದ್ರವ ನಿಧಾನವಾಗುತ್ತದೆ: 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ತಡೆ, 20 ಡಿಗ್ರಿಯಲ್ಲಿ ಇರುವುದರ ಮೂರನೇ ಒಂದರಷ್ಟು ಮಾತ್ರ. ಕುದಿಕುದಿ ಚಹಾದಲ್ಲಿ ಬಿಸ್ಕತ್ತು ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುವುದಕ್ಕೆ ಇದೂ ಕಾರಣ.

ಇನ್ನು ಮಾರಿ ಬಿಸ್ಕತ್ತಿನ ಜಾತಿಯೇ ಬೇರೆ. 1874ರಲ್ಲಿ ರಷ್ಯಾದ ರಾಜಕುಮಾರಿ ಮಾರಿಯಾಳ ಮದುವೆಯ ನೆನಪಿಗೆ ಲಂಡನ್ನಿನ ಪೀಕ್ ಫ್ರೀನ್ ಕಂಪನಿ ಮಾಡಿದ ಬಿಸ್ಕತ್ತು ಅದು. ಸಕ್ಕರೆ, ಕೊಬ್ಬು ಕಡಿಮೆ ಹಾಕಿ ಹಿಟ್ಟನ್ನು ಬಹಳ ಹೊತ್ತು ನಾದುತ್ತಾರೆ. ಹಾಗೆ ನಾದಿದಾಗ ಗೋಧಿಯ ಗ್ಲುಟನ್ ಎಂಬ ಪ್ರೋಟೀನು ಎಳೆಎಳೆಯಾಗಿ ಹೆಣೆದುಕೊಳ್ಳುತ್ತದೆ. ಆ ಹಿಟ್ಟನ್ನು ಯಂತ್ರದಲ್ಲಿ ಹಾಳೆಯಾಗಿ ಒತ್ತಿ, ದುಂಡಗೆ ಕತ್ತರಿಸಿ, ಮುಳ್ಳಿನಿಂದ ಚುಚ್ಚುತ್ತಾರೆ. ಬಿಸ್ಕತ್ತಿನ ಮೇಲಿನ ತೂತುಗಳು ಅಂದಕ್ಕೆ ಮಾಡಿದವಲ್ಲ; ಆವಿ ಹೊರಹೋಗಲು ದಾರಿಯಿಲ್ಲದಿದ್ದರೆ ಹಾಳೆ ಪೂರಿಯಂತೆ ಉಬ್ಬಿಬಿಡುತ್ತಿತ್ತು. ಸಕ್ಕರೆ ಕರಗಿದರೂ ಬೆಂದ ಗ್ಲುಟನ್ನಿನ ಬಲೆ ಕರಗುವುದಿಲ್ಲ. ಅದಕ್ಕೇ ಮಾರಿ ಮೆತ್ತಗಾಗುತ್ತದೆ, ಬಾಗುತ್ತದೆ, ಆದರೂ ಬೆರಳ ತುದಿಯಲ್ಲಿ ನಿಲ್ಲುತ್ತದೆ.

ಕೊಬ್ಬು ಹೆಚ್ಚಾದಷ್ಟೂ ಅದು ಹಿಟ್ಟಿನ ಕಣಗಳಿಗೆ ಸವರಿಕೊಂಡು ಗ್ಲುಟನ್ ಹೆಣೆಯದಂತೆ ತಡೆಯುತ್ತದೆ. ಕೊಬ್ಬು ಹೆಚ್ಚಿರುವ ಗ್ಲೂಕೋಸ್ ಬಿಸ್ಕತ್ತು ಮಾರಿಗಿಂತ ಬೇಗ ಸೋಲುವುದು ಹೀಗೆ. ಅಯ್ಯಂಗಾರ್ ಬೇಕರಿಯ ಬೆಣ್ಣೆ ಬಿಸ್ಕತ್ತಿನಲ್ಲಂತೂ ಬಲೆಯೇ ಇಲ್ಲವೆನ್ನುವಷ್ಟು ಕಡಿಮೆ. ಬಾಯಿಗಿಟ್ಟರೆ ಪುಡಿಯಾಗುವ ಅದರ ಸೊಗಸಿಗೂ, ಚಹಾದಲ್ಲಿ ಅದು ಉಳಿಯದಿರುವುದಕ್ಕೂ ಕಾರಣ ಒಂದೇ. ಹಾಗಾಗಿ ಚಹಾದಲ್ಲಿ ಬಿದ್ದದ್ದೆಲ್ಲ ಕಳಪೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಮಾರಿಯನ್ನು ಅದ್ದಿದ ಮೇಲೆ ಎಷ್ಟು ಹೊತ್ತು ನಿಂತಿತು ಎಂದು ನೋಡಬೇಕು. ಗ್ಲೂಕೋಸ್ ಬಿಸ್ಕತ್ತನ್ನು ಬೇಗ ಅದ್ದಿ ತೆಗೆದು, ಹಾಲು ಮತ್ತು ಬೆಂದ ಸಕ್ಕರೆಯ ಪರಿಮಳ ಎಷ್ಟು ಬಂತು ಎಂದು ನೋಡಬೇಕು. ಒಣದಾಗಿ ಪರೀಕ್ಷಿಸಬೇಕಾದದ್ದು ಎರಡೇ: ಮುರಿದಾಗ ಟಕ್ಕೆಂಬ ಸದ್ದು ಬರುತ್ತದೆಯೇ, ಕಮಟು ಎಣ್ಣೆಯ ವಾಸನೆ ಇದೆಯೇ. ಸದ್ದಿಲ್ಲದೆ ಮುರಿದರೆ ಗಾಳಿಯ ತೇವ ಆಗಲೇ ಒಳಸೇರಿದೆ.

ಪ್ಯಾಕೆಟ್ಟಿನಲ್ಲಿ ಒಂದೆರಡು ಮುರಿದಿದ್ದರೆ ಅಂಗಡಿಯವರನ್ನು ಬೈಯುವುದೂ ಸರಿಯಲ್ಲ. ಒಲೆಯಿಂದ ಬಂದು ಆರುತ್ತಿರುವ ಬಿಸ್ಕತ್ತಿನ ಅಂಚು ಗಾಳಿಯ ತೇವ ಹೀರಿ ಹಿಗ್ಗುತ್ತದೆ, ನಡುಭಾಗ ತೇವ ಕಳೆದುಕೊಂಡು ಕುಗ್ಗುತ್ತದೆ. ಈ ಎಳೆದಾಟದಿಂದ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟುವುದನ್ನು ಬ್ರಿಟನ್ನಿನ ಲಫ್ಬರಾ ವಿಶ್ವವಿದ್ಯಾಲಯದವರು 2003ರಲ್ಲಿ ಲೇಸರ್ ಬೆಳಕಿನಿಂದ ಅಳೆದು ತೋರಿಸಿದ್ದಾರೆ. ಅಂಥ ಬಿಸ್ಕತ್ತು ಕಾರ್ಖಾನೆಯಲ್ಲಿ ಇಡಿಯಾಗಿಯೇ ಪ್ಯಾಕ್ ಆಗಿ, ಸಾಗಾಟದ ಸಣ್ಣ ಕುಲುಕಿಗೇ ಎರಡಾಗಬಹುದು.