ಕಲ್ಲಿನ ನಾಡಿನಲ್ಲಿ ತಂತ್ರವಿದ್ಯೆ

ಮನೆಯ ನೆಲಕ್ಕೆ, ಗುಡಿಯ ಅಂಗಳಕ್ಕೆ, ಅಡುಗೆಮನೆಯ ಕಟ್ಟೆಗೆ ಹಾಸಿದ ಶಹಾಬಾದ ಕಲ್ಲನ್ನು ಕಾಣದ ಕನ್ನಡಿಗರು ವಿರಳ. ಆದರೆ ಆ ಕಲ್ಲನ್ನು ನಾಡಿಗೆ ಕೊಟ್ಟ ಊರಿನ ಮಕ್ಕಳು ತಂತ್ರವಿದ್ಯೆಯನ್ನು ಎಲ್ಲಿ ಕಲಿಯುತ್ತಾರೆ, ಕಲಿಯುವಾಗ ಅವರ ಜೀವನ ಹೇಗಿರುತ್ತದೆ ಎಂಬುದನ್ನು ಯೋಚಿಸಿದವರು ಹೆಚ್ಚಿಲ್ಲ. ಅವರು ಸೇರುವ ತಾಂತ್ರಿಕ ವಿಶ್ವವಿದ್ಯಾಲಯದ ಸ್ವರೂಪವನ್ನು ಇಲ್ಲಿ ನಾವು ಸ್ಥೂಲವಾಗಿ ಪರಿಚಯಿಸುತ್ತೇವೆ.

ಮೊದಲು ಆ ಸೀಮೆಯ ಮಾತು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂಗಳ ನೆಲದಡಿಯಲ್ಲಿರುವುದು ಭೀಮಾ ಶಿಲಾಸಮೂಹಕ್ಕೆ ಸೇರಿದ ಸುಣ್ಣಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರಪದರವಾಗಿ ನೆಲೆನಿಂತ ಕೆಸರೇ ಗಟ್ಟಿಯಾಗಿ ಈ ಕಲ್ಲಾಗಿದೆ. ಪದರಗಳ ನಡುವೆ ಉಳಿ ಇಟ್ಟು ಬಡಿದರೆ ಹಾಸುಗಲ್ಲು ಹಲಗೆಯಂತೆ ಬಿಟ್ಟುಕೊಳ್ಳುವುದು ಈ ಕಾರಣದಿಂದಲೇ. ಇದೇ ಕಲ್ಲನ್ನು ಜೇಡಿಮಣ್ಣಿನೊಡನೆ ಪುಡಿಮಾಡಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಅರೆದರೆ ಸಿಮೆಂಟು ದೊರೆಯುತ್ತದೆ. ಮುಂಬಯಿ–ಮದರಾಸು ರೈಲುದಾರಿ ಈ ಸೀಮೆಯನ್ನು ಹಾಯ್ದುಹೋಯಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ನಿಜಾಮರ ರೈಲೂ ಕವಲೊಡೆಯಿತು. ಕಲ್ಲು, ರೈಲು ಎರಡೂ ಕೂಡಿದ ಕಡೆ ಕಾರ್ಖಾನೆಗಳು ಎದ್ದವು.

ಕಾರ್ಖಾನೆ ಬಂತು, ಅದನ್ನು ನಡೆಸುವ ವಿದ್ಯೆ ಬರಲು ತಡವಾಯಿತು. 1917ರಲ್ಲಿಯೇ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಹುಟ್ಟಿತು. ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿಯ ಮಕ್ಕಳಿಗೆ ಅದು ದೂರದ ಮಾತಾಗಿತ್ತು. 1956ರಲ್ಲಿ ಏಕೀಕರಣವಾಗಿ, 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಕಲಬುರಗಿಯಲ್ಲಿ ಪೂಜ್ಯ ದೊಡ್ಡಪ್ಪ ಅಪ್ಪ ಅವರ ಹೆಸರನ್ನು ಹೊತ್ತಿರುವ ಎಂಜಿನಿಯರಿಂಗ್ ಕಾಲೇಜನ್ನು ತೆರೆದಾಗ, ಶಹಾಬಾದದಿಂದ ಸುಮಾರು 25 ಕಿಲೋಮೀಟರು ದೂರದಲ್ಲಿ ತಂತ್ರವಿದ್ಯೆಯ ಬಾಗಿಲು ತೆರೆದಂತಾಯಿತು.

ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಬಹುಕಾಲ ಬೇರೆಬೇರೆ ವಿಶ್ವವಿದ್ಯಾಲಯಗಳ ಆಶ್ರಯದಲ್ಲಿದ್ದವು. ಒಂದೊಂದು ಕಡೆ ಒಂದೊಂದು ಪಠ್ಯ, ಒಂದೊಂದು ಪರೀಕ್ಷೆ. ಈ ಭಿನ್ನತೆಯನ್ನು ನೀಗಲೆಂದು 1998ರ ಏಪ್ರಿಲ್ 1ರಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಿತು. ಅದರ ಕೇಂದ್ರ ಬೆಳಗಾವಿಯ 'ಜ್ಞಾನಸಂಗಮ'ದಲ್ಲಿದೆ.

ವಿಶ್ವವಿದ್ಯಾಲಯವೆಂದರೆ ಒಂದು ಬಯಲು, ಒಂದು ಗೋಪುರ, ಒಂದು ಮಹಾದ್ವಾರ ಎಂದು ಓದುಗರು ಭಾವಿಸಬಹುದು. ಇದು ಹಾಗಲ್ಲ. ಬಹುಪಾಲು ವಿದ್ಯಾರ್ಥಿಗಳು ಓದುವುದು ರಾಜ್ಯದುದ್ದಕ್ಕೂ ಹರಡಿರುವ ಸಂಯೋಜಿತ ಕಾಲೇಜುಗಳಲ್ಲಿ. ಬೆಂಗಳೂರು, ಬೆಳಗಾವಿ, ಕಲಬುರಗಿ, ಮೈಸೂರು ಎಂಬ ನಾಲ್ಕು ವಲಯಗಳಾಗಿ ಅವುಗಳನ್ನು ವಿಂಗಡಿಸಲಾಗಿದೆ. ಪ್ರತಿ ವಿದ್ಯಾರ್ಥಿಗೂ ದೊರೆಯುವ ಹತ್ತು ಸ್ಥಾನಗಳ ಗುರುತುಸಂಖ್ಯೆಯಲ್ಲಿ ಈ ವ್ಯವಸ್ಥೆ ಅಡಕವಾಗಿದೆ: ಮೊದಲ ಅಂಕಿ ವಲಯವನ್ನು, ಮುಂದಿನ ಎರಡು ಅಕ್ಷರಗಳು ಕಾಲೇಜನ್ನು, ಬಳಿಕದ ಎರಡು ಅಂಕಿಗಳು ಸೇರಿದ ವರ್ಷವನ್ನು, ಇನ್ನೆರಡು ಅಕ್ಷರಗಳು ವಿಭಾಗವನ್ನು, ಕೊನೆಯ ಮೂರು ಅಂಕಿಗಳು ಕ್ರಮಸಂಖ್ಯೆಯನ್ನು ತಿಳಿಸುತ್ತವೆ. ಮೊದಲ ಅಂಕಿ 3 ಆಗಿದ್ದರೆ ಅದು ಕಲಬುರಗಿ ವಲಯ. ತನ್ನ ಹೆಸರಿಗಿಂತ ಹೆಚ್ಚು ಬಾರಿ ಈ ಸಂಖ್ಯೆಯನ್ನು ಬರೆಯುತ್ತ ವಿದ್ಯಾರ್ಥಿಯು ನಾಲ್ಕು ವರ್ಷಗಳನ್ನು ಕಳೆಯುತ್ತಾನೆ.

ಒಳಗೆ ಸೇರುವ ಬಗೆ ಹೇಗೆ? ಪಿ.ಯು.ಸಿ. ಮತ್ತು ಸಾಮಾನ್ಯ ಪ್ರವೇಶ ಪರೀಕ್ಷೆಗಳ ಅಂಕಗಳನ್ನು ಸಮಪಾಲಿನಲ್ಲಿ ಕೂಡಿಸಿ ಶ್ರೇಯಾಂಕ ನಿರ್ಣಯಿಸುತ್ತಾರೆ. ಡಿಪ್ಲೊಮಾ ಮುಗಿಸಿದವರು ನೇರವಾಗಿ ಎರಡನೆಯ ವರ್ಷಕ್ಕೆ ಬರಬಹುದು. ಬೇಗನೆ ದುಡಿಮೆ ಹಿಡಿಯಬೇಕಾದ ಕಾರ್ಮಿಕರ ಮನೆಯ ಮಕ್ಕಳಿಗೆ ಈ ದಾರಿ ದೊಡ್ಡ ಉಪಕಾರ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371-ಜೆ ವಿಧಿಯ ಫಲವಾಗಿ ಈಗ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ತಮ್ಮ ಪ್ರದೇಶದಲ್ಲಿ ಶೇಕಡಾ 70, ಉಳಿದ ಕರ್ನಾಟಕದಲ್ಲಿ ಶೇಕಡಾ 8ರ ಮೀಸಲಾತಿಯೂ ಉಂಟು.

ಕಾಲೇಜಿನ ಜೀವನ ಎಂಟು ಸೆಮಿಸ್ಟರುಗಳ ಲಯಕ್ಕೆ ಹೊಂದಿಕೊಂಡಿದೆ. ಬೆಳಗಿನಿಂದ ಪಾಠ, ಮಧ್ಯಾಹ್ನ ಪ್ರಯೋಗಶಾಲೆ ಅಥವಾ ಕಮ್ಮಟಶಾಲೆ, ಸಂಜೆ ಪ್ರಯೋಗದ ದಾಖಲೆ ಪುಸ್ತಕ ಬರೆಯುವ ಕೆಲಸ. ಕಾಲೇಜಿನೊಳಗಿನ ಕಿರುಪರೀಕ್ಷೆಗಳಿಗೂ ವಿಶ್ವವಿದ್ಯಾಲಯದ ಅಂತಿಮ ಪರೀಕ್ಷೆಗೂ ಅಂಕಗಳು ಹಂಚಿಕೆಯಾಗಿರುವುದರಿಂದ ಕೊನೆಯ ವಾರದ ಓದೊಂದನ್ನೇ ನಂಬಿಕೊಳ್ಳುವಂತಿಲ್ಲ. ನಪಾಸಾದ ವಿಷಯಕ್ಕೆ ಅವರ ಭಾಷೆಯಲ್ಲಿ 'ಬ್ಯಾಕ್' ಎಂದು ಹೆಸರು. ವಿದ್ಯಾರ್ಥಿನಿಲಯದಲ್ಲಿ ಜ್ವರಕ್ಕಿಂತ ಅದರ ಭಯವೇ ಹೆಚ್ಚು. ಇದರ ನಡುವೆಯೂ ವಾರ್ಷಿಕ ಯುವಜನೋತ್ಸವ, ಕ್ರೀಡಾಕೂಟಗಳು ನಡೆಯುತ್ತವೆ. ಗಿಡ ನೆಡುವುದು, ಹಳ್ಳಿಯಲ್ಲಿ ಸೇವೆ ಮಾಡುವುದು ಮೊದಲಾದ ಚಟುವಟಿಕೆಗಳಿಂದ 100 ಅಂಶಗಳನ್ನು ಗಳಿಸಬೇಕೆಂಬ ನಿಯಮವೂ ಇದೆ.

ಆದರೆ ಕನ್ನಡ ಮಾಧ್ಯಮದಿಂದ ಬಂದವನಿಗೆ ಮೊದಲ ಸೆಮಿಸ್ಟರಿನ ಅತಿ ಕಠಿಣ ವಿಷಯ ಗಣಿತವಲ್ಲ, ಇಂಗ್ಲಿಷು. ಬಲ, ವೇಗ, ಶಾಖಗಳ ಅರ್ಥವನ್ನು ಅವನು ಬಲ್ಲ. ಅವುಗಳಿಗೆ ಅಲ್ಲಿ ಇಟ್ಟ ಹೆಸರನ್ನು ಅರಿಯ. ಅಂತೆಯೇ ಬಲ್ಲ ಉತ್ತರವೂ ನಾಲಗೆಯ ತುದಿಯಲ್ಲೇ ನಿಂತುಬಿಡುತ್ತದೆ. ವಿಶ್ವವಿದ್ಯಾಲಯವು ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ'ವನ್ನೂ ಅರಿಯದವರಿಗೆ 'ಬಳಕೆ ಕನ್ನಡ'ವನ್ನೂ ಪಠ್ಯವಾಗಿರಿಸಿದೆ. 2021ರಲ್ಲಿ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಅನುಮತಿಯಿತ್ತಿತು. ಸಾಕಷ್ಟು ಒಳ್ಳೆಯ ಗ್ರಂಥಗಳು ಕನ್ನಡದಲ್ಲಿ ಬಾರದೆ ಇಂತಹ ಅನುಮತಿಗಳು ಫಲ ಕೊಡಲಾರವು. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದ್ದು ಅಮೋಘವರ್ಷ ನೃಪತುಂಗನ ಕಾಲದಲ್ಲಿ. ಈ ಸೀಮೆಯ ಮಗು ಗಣಿತಕ್ಕೆ ಪರಕೀಯವೆಂದು ಯಾರೂ ಹೇಳಲಾಗದು.

ಬಹುಪಾಲು ಸಂಯೋಜಿತ ಕಾಲೇಜುಗಳಿಗೆ ಒಂದೇ ಪಠ್ಯವಿರುವುದರಿಂದ ಶಹಾಬಾದದವನ ಪದವಿಗೂ ಬೆಂಗಳೂರಿನವನ ಪದವಿಗೂ ಒಂದೇ ಬೆಲೆ. ಇದು ದೊಡ್ಡ ಲಾಭ. ಆದರೆ ಆ ಪಠ್ಯಕ್ಕೆ ಊರಿನ ಗುರುತಿಲ್ಲ. ಅಪ್ಪಟ ಸುಣ್ಣಕಲ್ಲು 100 ಕಿಲೋಗ್ರಾಂ ಸುಟ್ಟರೆ ಉಳಿಯುವ ಸುಣ್ಣ 56 ಕಿಲೋಗ್ರಾಂ. ಮಿಕ್ಕ 44 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ವಾಯುಮಂಡಲವನ್ನು ಸೇರುತ್ತದೆ. ಹೊಗೆಕೊಳವೆಯ ನೆರಳಿನಲ್ಲಿ ಬೆಳೆದವನಿಗೆ ಈ ಲೆಕ್ಕ ಬರಿಯ ರಸಾಯನಶಾಸ್ತ್ರವಲ್ಲ. ಹಾಸುಗಲ್ಲು ತೆಗೆದ ಬಳಿಕ ಉಳಿಯುವ ಚೂರುಗಳ ರಾಶಿ, ಧೂಳು, ನೀರು ನಿಂತ ಹಳೆಯ ಗಣಿಗುಂಡಿ — ಇವೂ ಎಂಜಿನಿಯರನ ಸಮಸ್ಯೆಗಳೇ.

ಇದಕ್ಕೆ ಪಠ್ಯದೊಳಗೇ ಒಂದು ಕಿಂಡಿಯಿದೆ. ಅಂತಿಮ ವರ್ಷದಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಯೋಜನಾಕಾರ್ಯ ಮಾಡಲೇಬೇಕು. ವಿಷಯವನ್ನು ಆರಿಸಿಕೊಳ್ಳುವ ಅವಕಾಶ ಅವನದು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಲಿಯು ಆಯ್ದ ಯೋಜನೆಗಳಿಗೆ ಧನಸಹಾಯವನ್ನೂ ನೀಡುತ್ತದೆ. ಕಲ್ಲಿನ ಚೂರಿನಿಂದ ಇಟ್ಟಿಗೆ ಮಾಡಲಾದೀತೆ? ಕಾಂಕ್ರೀಟಿನಲ್ಲಿ ಮರಳಿನ ಒಂದು ಪಾಲಿಗೆ ಬದಲಾಗಿ ಅದರ ಪುಡಿಯನ್ನು ಎಷ್ಟು ಬೆರೆಸಬಹುದು? ಗಣಿಗುಂಡಿಯ ನೀರು ಯಾವ ಬಳಕೆಗೆ ಯೋಗ್ಯ? ಇವುಗಳಿಗೆ ಉತ್ತರ ಹುಡುಕಲು ಮಹಾಯಂತ್ರಗಳು ಬೇಕಿಲ್ಲ. ಕಾಲೇಜಿನ ಪ್ರಯೋಗಶಾಲೆ, ಒಬ್ಬ ಶ್ರದ್ಧಾವಂತ ಅಧ್ಯಾಪಕ, ಊರಿಗೆ ಹೋಗುವ ಒಂದು ರೈಲು ಸಾಕು. ತಮ್ಮ ತಂದೆತಾಯಂದಿರು ಉಳಿಯಿಂದ ಬಿಡಿಸಿದ ಕಲ್ಲನ್ನು ಮಕ್ಕಳು ಮಾಪಕದಿಂದ ಅಳೆಯುವಂತಾದರೆ ತಾಂತ್ರಿಕ ವಿಶ್ವವಿದ್ಯಾಲಯ ಶಹಾಬಾದಕ್ಕೆ ಬಂದಂತೆಯೇ ಸರಿ.